ಉಳುವುದಕ್ಕೂ ಹಣ, ಬೀಳು ಬಿಡುವುದಕ್ಕೂ ಹಣ

ಅಮೆರಿಕದ ಅಯೋವಾ, ಇಲಿನಾಯ್ ಕಡೆಯ ರೈತರು ಜುಲೈ ತಿಂಗಳಲ್ಲಿ ಕೈಕೆಲಸ ಬಿಟ್ಟು ಪೇಟೆಗೆ ಹೊರಟರೆಂದರೆ ಅವರ ಗಾಡಿ ಬಹುತೇಕ ನಿಲ್ಲುವುದು ಕೌಂಟಿಯ ಕೃಷಿ ಕಚೇರಿಯ ಮುಂದೆ. ಮೆಕ್ಕೆಜೋಳ ಎಷ್ಟು ಎಕರೆ, ಸೋಯಾ ಎಷ್ಟು, ಮಳೆ ಹೆಚ್ಚಾಗಿ ಬಿತ್ತಲಾಗದೆ ಉಳಿದದ್ದೆಷ್ಟು ಎಂದು ಆ ತಿಂಗಳ 15ರೊಳಗೆ ಬರೆಸಬೇಕು. ಬರೆಸದಿದ್ದರೆ ಬೆಲೆ ಕುಸಿದಾಗ ಸರ್ಕಾರದಿಂದ ಬರುವ ಹಣ ಕೈತಪ್ಪುತ್ತದೆ. ಬೆಳೆ ಸಮೀಕ್ಷೆಯಲ್ಲಿ ತೊಗರಿ ಇದ್ದಲ್ಲಿ ಹತ್ತಿ ಎಂದು ನಮೂದಾಗಿ ಪರಿಹಾರಕ್ಕಾಗಿ ಅಲೆದ ನಮ್ಮ ರೈತರಿಗೆ ಈ ಆತಂಕವನ್ನು ವಿವರಿಸಬೇಕಿಲ್ಲ.

ಸೋಜಿಗವಿರುವುದು ಅದೇ ಕಚೇರಿಯ ಇನ್ನೊಂದು ಕೆಲಸದಲ್ಲಿ. ಮೆಕ್ಕೆಜೋಳದ ಲೆಕ್ಕ ಬರೆಸಿದವರು ಎದ್ದ ಕುರ್ಚಿಯಲ್ಲೇ ಕೂತು ಮತ್ತೊಬ್ಬ ರೈತ ಬೇರೆಯದೇ ಕಾಗದಕ್ಕೆ ಸಹಿ ಹಾಕುತ್ತಾರೆ: ಮುಂದಿನ 10 ಅಥವಾ 15 ವರ್ಷ ಈ ಹೊಲ ಉಳುವುದಿಲ್ಲ, ಹುಲ್ಲು ಬೆಳೆಸಿ ಬಿಡುತ್ತೇನೆ. ಅದಕ್ಕೆ ವರ್ಷ ವರ್ಷ ಸರ್ಕಾರ ಎಕರೆ ಲೆಕ್ಕದಲ್ಲಿ ಗೇಣಿ ಕೊಡುತ್ತದೆ. ಉತ್ತವರಿಗೂ ಬಿಟ್ಟವರಿಗೂ ಹಣ ಕೊಡುವುದು ಒಂದೇ ಇಲಾಖೆ, ಫಾರ್ಮ್ ಸರ್ವೀಸ್ ಏಜೆನ್ಸಿ. ಇದು ಯಾವುದೋ ಗುಮಾಸ್ತರ ಎಡವಟ್ಟಲ್ಲ. ಅಮೆರಿಕದ ಕೃಷಿ ನೆರವು ಹುಟ್ಟಿದ ರೀತಿಯೇ ಹಾಗಿದೆ.

ದೇಶದಲ್ಲಿ ಸುಮಾರು 3,100 ಕೌಂಟಿಗಳಿವೆ. ಕೃಷಿ ಇಲಾಖೆಯ ಸೇವಾ ಕೇಂದ್ರಗಳು 2,300ಕ್ಕೂ ಹೆಚ್ಚು. ಕೆಲವು ಕೇಂದ್ರಗಳು ಎರಡು ಮೂರು ಕೌಂಟಿಗಳನ್ನು ನೋಡಿಕೊಳ್ಳುತ್ತವೆ. ನಮ್ಮ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲದ ಒಂದು ಏರ್ಪಾಟು ಅಲ್ಲಿದೆ. ಕಚೇರಿಯ ಮೇಲೆ ರೈತರೇ ಆರಿಸಿದ ಸಮಿತಿಯೊಂದು ಕೂತಿರುತ್ತದೆ. 3ರಿಂದ 11 ಸದಸ್ಯರು, 3 ವರ್ಷದ ಅವಧಿ. ನವೆಂಬರಿನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ, ಡಿಸೆಂಬರ್ ಆರಂಭದೊಳಗೆ ಗುರುತು ಹಾಕಿ ಕಳಿಸಬೇಕು. ಬರ, ನೆರೆ ಬಂದಾಗ ಪರಿಹಾರದ ತಕರಾರು, ಸಂರಕ್ಷಣಾ ಯೋಜನೆಯ ಅರ್ಜಿಯ ಮೇಲ್ಮನವಿ ಮೊದಲಾದವು ಈ ಸಮಿತಿಯ ಮುಂದೆ ಬರುತ್ತವೆ. ಊರಿನವರ ಕೈಗೆ ಅಧಿಕಾರ ಕೊಡುವ ಇದು ಕೇಳಲು ಚಂದ. ಆದರೆ ಊರಿನವರೆಂದರೆ ಯಾರು ಎಂಬ ಪ್ರಶ್ನೆಯನ್ನು ಇದೇ ಸಮಿತಿಗಳು ಮುಂದೆ ಬಹಳ ಕಹಿಯಾಗಿ ಎದುರಿಸಬೇಕಾಯಿತು.

ಕಥೆ ಶುರುವಾಗುವುದು 1933ರಲ್ಲಿ. ಆರ್ಥಿಕ ಮಹಾಕುಸಿತದ ಕಾಲ. ಧಾನ್ಯ ಕೇಳುವವರಿರಲಿಲ್ಲ, ಹತ್ತಿಯ ಬೆಲೆ ನೆಲ ಕಚ್ಚಿತ್ತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ತಂದ ಕಾಯ್ದೆಯ ತರ್ಕ ಸರಳ: ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ, ಆದ್ದರಿಂದ ಬೆಳೆಯದವರಿಗೆ ಹಣ ಕೊಡಿ. ಆ ವರ್ಷದ ಹತ್ತಿ ಆಗಲೇ ಹೊಲದಲ್ಲಿ ನಿಂತಿತ್ತು. ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಅದನ್ನು ಬೆಳೆದವರೇ ಉತ್ತು ಮಣ್ಣುಪಾಲು ಮಾಡಿದರು. ಸುಮಾರು 60 ಲಕ್ಷ ಹಂದಿಗಳನ್ನು ಕೊಲ್ಲಿಸಲಾಯಿತು. ಪೇಟೆಯಲ್ಲಿ ಜನ ಗಂಜಿಗೆ ಸಾಲು ನಿಂತಿದ್ದಾಗ ನಡೆದ ಈ ಕೆಲಸವನ್ನು ಹಲವರು ಕ್ಷಮಿಸಲಿಲ್ಲ.

ಸುಪ್ರೀಂ ಕೋರ್ಟ್ 1936ರ ಜನವರಿ 6ರಂದು ಕಾಯ್ದೆಯ ಬೆನ್ನುಮೂಳೆ ಮುರಿಯಿತು. ಕೃಷಿ ಉತ್ಪಾದನೆ ರಾಜ್ಯಗಳ ವಿಷಯ, ಅದನ್ನು ನಿಯಂತ್ರಿಸಲು ಒಕ್ಕೂಟ ಸರ್ಕಾರ ತೆರಿಗೆ ಎತ್ತಿ ಹಂಚುವಂತಿಲ್ಲ ಎಂದಿತು. ಎಂಟು ವಾರ ಕಳೆಯುವುದರೊಳಗೆ, ಆ ಅಧಿಕ ವರ್ಷದ ಫೆಬ್ರವರಿ 29ರಂದು, ಸರ್ಕಾರ ಹೊಸ ಕಾಯ್ದೆಯೊಂದಿಗೆ ಹಾಜರಾಯಿತು. ಈಗ ರೈತರಿಗೆ ಹಣ ಕೊಡುವುದು ಬೆಳೆ ತಗ್ಗಿಸಲಿಕ್ಕಲ್ಲ, ಮಣ್ಣು ಉಳಿಸಲಿಕ್ಕೆ! ಹತ್ತಿ, ಮೆಕ್ಕೆಜೋಳ, ಗೋಧಿ, ತಂಬಾಕು ಮಣ್ಣು ಸವೆಸುವ ಬೆಳೆಗಳು. ಅವುಗಳ ಬದಲು ದ್ವಿದಳ ಬೆಳೆ, ಮೇವಿನ ಹುಲ್ಲು ಹಾಕಿದರೆ ಸಹಾಯಧನ. ಮಣ್ಣು ಸವೆಸುವ ಪಟ್ಟಿಯಲ್ಲಿದ್ದ ಬೆಳೆಗಳೇ ಮಾರುಕಟ್ಟೆಯಲ್ಲಿ ಕೊಳೆಯುತ್ತಿದ್ದ ಬೆಳೆಗಳೂ ಆಗಿದ್ದವೆಂಬುದು ಕಾಕತಾಳೀಯವಲ್ಲ. ಮಣ್ಣಿನ ಹೆಸರಿನಲ್ಲಿ ಬೆಲೆ ಕಾಯುವ ಈ ಜಾಣತನದ ನೆರಳು ಇಂದಿಗೂ ಆ ಯೋಜನೆಗಳ ಮೇಲಿದೆ.

ಹಾಗೆಂದು ಮಣ್ಣಿನ ಸಂಕಟ ಬರೀ ನೆಪವಾಗಿರಲಿಲ್ಲ. ಅದನ್ನು ದೇಶಕ್ಕೆ ಕಾಣಿಸಿದವನು ಹ್ಯೂ ಹ್ಯಾಮಂಡ್ ಬೆನೆಟ್. ಉತ್ತರ ಕ್ಯಾರೊಲಿನಾದ ಆ್ಯನ್ಸನ್ ಕೌಂಟಿಯ ಹತ್ತಿ ಬೆಳೆಯುವ ಮನೆಯಲ್ಲಿ 1881ರಲ್ಲಿ ಹುಟ್ಟಿ, ಕೃಷಿ ಇಲಾಖೆಯಲ್ಲಿ ಮಣ್ಣಿನ ಸಮೀಕ್ಷೆಯ ಕೆಲಸಕ್ಕೆ ಸೇರಿದವನು. 1905ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಅಕ್ಕಪಕ್ಕದ ಎರಡು ತುಂಡು ನೆಲವನ್ನು ಅಗೆದು ನೋಡಿದ. ಕಾಡಿನ ಮಣ್ಣು ಮೆತ್ತಗೆ, ತೇವವಾಗಿ, ಬರಿಗೈಯಲ್ಲಿ ಕೆದಕುವಂತಿತ್ತು. ಬದಿಯ ಹೊಲದಲ್ಲಿ ಗಟ್ಟಿ ಜೇಡಿ. ಎರಡೂ ಮೂಲದಲ್ಲಿ ಒಂದೇ ಮಣ್ಣು. ಹೊಲದಲ್ಲಿ ಮೇಲಿನ ಪದರ ಮಳೆ ಮಳೆಗೂ ಇಷ್ಟಿಷ್ಟೇ ತೊಳೆದುಹೋಗಿತ್ತು. ಕೊರಕಲು ಬಿದ್ದರೆ ಎಲ್ಲರ ಕಣ್ಣಿಗೂ ಕಾಣುತ್ತದೆ, ಈ ಸವಕಳಿ ಯಾರಿಗೂ ಕಾಣುವುದಿಲ್ಲ. ಮಣ್ಣು ಎಂದೂ ಮುಗಿಯದ ಸಂಪತ್ತು ಎಂದು ಅವನ ಇಲಾಖೆಯೇ ಅಚ್ಚು ಹಾಕಿಸುತ್ತಿದ್ದ ಕಾಲವದು. 1928ರಲ್ಲಿ ಮಣ್ಣಿನ ಸವಕಳಿ ದೇಶಕ್ಕೇ ಅಪಾಯ ಎಂದು ಬೆನೆಟ್ ಸಹೋದ್ಯೋಗಿಯೊಬ್ಬನೊಂದಿಗೆ ಬರೆದ ಪುಸ್ತಿಕೆ ಹೊರಬಂತು. 1935ರ ಏಪ್ರಿಲ್ 14ರ ಭಾನುವಾರ ಒಕ್ಲಹೋಮಾ, ಟೆಕ್ಸಸ್ ಬಯಲಿನ ಮೇಲೆ ಕಪ್ಪು ಗೋಡೆಯಂತೆ ಧೂಳು ಎದ್ದು ಹಗಲು ಇರುಳಾಯಿತು. ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣಾ ಕಾಯ್ದೆ ಬಂತು. ಅದರಡಿ ಹುಟ್ಟಿದ ಸಂಸ್ಥೆಗೆ ಬೆನೆಟ್ ಮೊದಲ ಮುಖ್ಯಸ್ಥನಾದ.

ಬೆನೆಟ್‌ಗೆ ಒಂದು ವಿಷಯ ಮನದಟ್ಟಾಗಿತ್ತು. ರಾಜಧಾನಿಯಿಂದ ಆದೇಶ ಹೊರಡಿಸಿ ಯಾರ ಹೊಲದ ಉಳುಮೆಯನ್ನೂ ಬದಲಿಸಲಾಗದು. ಮಾಡಿ ತೋರಿಸಬೇಕು. ತೋರಿಸಲು ಆರಿಸಿದ ಮೊದಲ ಜಾಗ ವಿಸ್ಕಾನ್ಸಿನ್ ರಾಜ್ಯದ ಕೂನ್ ವ್ಯಾಲಿ. ವರ್ನನ್ ಕೌಂಟಿಯೂ ಸೇರಿದಂತೆ ಮೂರು ಕೌಂಟಿಗಳಲ್ಲಿ ಹರಡಿದ, ಸುಮಾರು 92,000 ಎಕರೆಯ ಜಲಾನಯನ ಪ್ರದೇಶ. ನಾರ್ವೆಯಿಂದ ವಲಸೆ ಬಂದ ಕುಟುಂಬಗಳು ಅಲ್ಲಿ ಕಡಿದಾದ ಗುಡ್ಡಗಳನ್ನು ಮೇಲಿನಿಂದ ಕೆಳಕ್ಕೆ ನೇರ ಉಳುತ್ತಿದ್ದರು, ಉಳಲಾಗದ ಇಳಿಜಾರಿಗೆ ದನ ಬಿಡುತ್ತಿದ್ದರು. ಮಳೆ ಬಂದಾಗ ಗುಡ್ಡದ ಮಣ್ಣು ಕಣಿವೆಯ ಹೊಲ, ರಸ್ತೆ, ಸೇತುವೆಗಳ ಮೇಲೆ ಬಂದು ಕೂರುತ್ತಿತ್ತು. ಟ್ರೌಟ್ ಮೀನಿಗೆ ಹೆಸರಾಗಿದ್ದ ಹಳ್ಳ ಕೆಸರಾಗಿತ್ತು.

ಮಣ್ಣು ಸಂರಕ್ಷಣಾ ಕಾಯ್ದೆಗೂ ಮೊದಲೇ, 1933ರಲ್ಲಿ ಅಲ್ಲಿ ಶುರುವಾದ ಒಪ್ಪಂದಕ್ಕೆ 5 ವರ್ಷದ ಅವಧಿ. ಸರ್ಕಾರ ಸುಣ್ಣ, ಬೀಜ, ಬೇಲಿ ಸಾಮಾನು ಕೊಡುವುದು. ನಿರುದ್ಯೋಗಿ ಯುವಕರ ಶಿಬಿರದಿಂದ ಆಳುಗಳನ್ನು ಕಳಿಸುವುದು. ರೈತರು ಇಳಿಜಾರಿಗೆ ಅಡ್ಡಲಾಗಿ ಉಳುವುದು, ಒಂದು ಪಟ್ಟಿ ಧಾನ್ಯ ಒಂದು ಪಟ್ಟಿ ಹುಲ್ಲು ಎಂದು ಬೆಳೆ ಹಾಕುವುದು, ಕಡಿದಾದ ಕಾಡಿಗೆ ದನ ಬಿಡದಿರುವುದು. ಮೊದಮೊದಲು ನಕ್ಕವರು ಬಹಳ. ಸೊಟ್ಟ ಸಾಲು ಉಳುವವರನ್ನು ಯಾವ ಊರಿನ ಜನ ನಗದೆ ಬಿಟ್ಟಿದ್ದಾರೆ? ಆದರೂ 400ಕ್ಕೂ ಹೆಚ್ಚು ರೈತರು ಸಹಿ ಹಾಕಿದರು. ಈ ಕೆಲಸದಲ್ಲಿ ಸಲಹೆಗಾರರಾಗಿದ್ದ ಪರಿಸರ ಚಿಂತಕ ಆಲ್ಡೊ ಲಿಯೋಪೋಲ್ಡ್ 1935ರಲ್ಲೇ ಕೂನ್ ವ್ಯಾಲಿಯ ಬಗ್ಗೆ ಲೇಖನ ಬರೆದರು.

ಫಲ ಸಿಕ್ಕಿತೇ? ಇಂಥ ಯೋಜನೆಗಳ ವಿಷಯದಲ್ಲಿ ಸಾಮಾನ್ಯವಾಗಿ ಉತ್ತರ ಸಿಗದ ಈ ಪ್ರಶ್ನೆಗೆ ಕೂನ್ ವ್ಯಾಲಿಯಲ್ಲಿ ಅಳತೆ ಮಾಡಿದ ಉತ್ತರವಿದೆ. ಭೂಗೋಳ ವಿಜ್ಞಾನಿ ಸ್ಟ್ಯಾನ್ಲಿ ಟ್ರಿಂಬಲ್ ದಶಕಗಳ ಕಾಲ ಆ ಕಣಿವೆಯಲ್ಲಿ ಹೂಳು ಕೂರುವ ವೇಗವನ್ನು ಅಳೆದರು. 1975ರಿಂದ 1993ರ ನಡುವಿನ ವೇಗ 1930ರ ದಶಕದ ವೇಗದ ಕೇವಲ ಶೇ 6ರಷ್ಟಿತ್ತು. ಹಳ್ಳ ತಿಳಿಯಾಯಿತು, ಟ್ರೌಟ್ ಮರಳಿತು. ಹತ್ತಿರ ಹತ್ತಿರ ಎರಡು ತಲೆಮಾರಿನ ಕೆಲಸವದು. ಒಂದು ಸರ್ಕಾರದ ಅವಧಿಯಲ್ಲಿ ಕತ್ತರಿ ಹಾಕಿ ಉದ್ಘಾಟಿಸುವಂಥದ್ದಲ್ಲ.

ಅದೇ ಕಣಿವೆ ಮುಂದೆ ಇನ್ನೊಂದು ಪಾಠವನ್ನೂ ಕೊಟ್ಟಿತು. 1954ರ ಜಲಾನಯನ ಕಾಯ್ದೆಯ ಹಣದಲ್ಲಿ ಆ ಭಾಗದ ಗುಡ್ಡಗಳ ನಡುವೆ ನೆರೆ ತಡೆಯುವ ಮಣ್ಣಿನ ಒಡ್ಡುಗಳನ್ನು ಕಟ್ಟಲಾಗಿತ್ತು. 2018ರ ಆಗಸ್ಟ್ ಕೊನೆಯಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ಕೂನ್ ಹಳ್ಳದ ಮೂರು, ಪಕ್ಕದ ಕಿಕಪೂ ನದಿಯ ಕವಲಿನ ಎರಡು ಒಡ್ಡುಗಳು ಒಡೆದವು. ಅಜ್ಜಂದಿರ ಕಾಲದ ಮಳೆಯ ಲೆಕ್ಕಕ್ಕೆ ಕಟ್ಟಿದ್ದು ಇಂದಿನ ಮಳೆಯನ್ನು ತಡೆಯಲಿಲ್ಲ. ಬಳಿಕ ಅಲ್ಲಿನ ರೈತರು, ನಿವಾಸಿಗಳು ಸೇರಿ ತಮ್ಮದೇ ಜಲಾನಯನ ಮಂಡಳಿಯನ್ನು ಕಟ್ಟಿಕೊಂಡಿದ್ದಾರೆ.

ಕೂನ್ ವ್ಯಾಲಿಯ ಮಾದರಿ ದೇಶಕ್ಕೆಲ್ಲ ಹಬ್ಬಿದ್ದು ಕೌಂಟಿ ಮಟ್ಟದ ಸಂರಕ್ಷಣಾ ಜಿಲ್ಲೆಗಳ ಮೂಲಕ. 1937ರಲ್ಲಿ ರೂಸ್‌ವೆಲ್ಟ್ ಎಲ್ಲ ರಾಜ್ಯಪಾಲರಿಗೂ ಮಾದರಿ ಕಾಯ್ದೆಯೊಂದನ್ನು ಕಳಿಸಿದರು. (ಅಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಗಳಂತೆ ಚುನಾಯಿತರು.) ಮೊದಲ ಜಿಲ್ಲೆ ಅದೇ ವರ್ಷದ ಆಗಸ್ಟಿನಲ್ಲಿ ರೂಪುಗೊಂಡಿತು, ಜಾಗ, ಬೆನೆಟ್ ಹುಟ್ಟಿದ ಆ್ಯನ್ಸನ್ ಕೌಂಟಿ. ಈಗ ಇಂಥವು ಸುಮಾರು 3,000 ಇವೆ.

ಇನ್ನು ಊರಿನವರೆಂದರೆ ಯಾರು ಎಂಬ ಆ ಕಹಿ ಪ್ರಶ್ನೆ. ದಕ್ಷಿಣದ ಹತ್ತಿ ಸೀಮೆಯಲ್ಲಿ 1933ರ ಹಣ ಸಂದಾಯವಾದದ್ದು ಹೆಚ್ಚಾಗಿ ಜಮೀನಿನ ಒಡೆಯರಿಗೆ. ಬೆಳೆ ತಗ್ಗಿಸಿದ ಮೇಲೆ ಪಾಲಿಗೆ ಮಾಡುತ್ತಿದ್ದವರ ಅಗತ್ಯವೇ ಉಳಿಯಲಿಲ್ಲ. ಸಾವಿರಾರು ಕುಟುಂಬಗಳು, ಕಪ್ಪು ಜನರೂ ಬಡ ಬಿಳಿಯರೂ, ಹೊಲ ಬಿಟ್ಟು ಏಳಬೇಕಾಯಿತು. ಅರ್ಕಾನ್ಸಸ್‌ನಲ್ಲಿ 1934ರಲ್ಲಿ ಎರಡೂ ಬಣ್ಣದ ಪಾಲುಗಾರರು ಒಂದಾಗಿ ಸಂಘ ಕಟ್ಟಿದ್ದು ಇದರ ವಿರುದ್ಧವೇ. ಮುಂದಿನ ದಶಕಗಳಲ್ಲಿ ಎಷ್ಟು ಎಕರೆ ಹತ್ತಿ ಹಾಕಬಹುದು, ಯಾರಿಗೆ ಸಾಲ ಎಂಬುದೆಲ್ಲ ಕೌಂಟಿ ಮಟ್ಟದಲ್ಲೇ ತೀರ್ಮಾನವಾಗುತ್ತಿತ್ತು. ದಕ್ಷಿಣದ ರಾಜ್ಯಗಳ ಆ ಸಮಿತಿಗಳಲ್ಲಿ 1960ರ ದಶಕದ ಆರಂಭದವರೆಗೂ ಕಪ್ಪು ರೈತರು ಇರಲೇ ಇಲ್ಲವೆನ್ನಬಹುದು. ಬಿತ್ತನೆಗೆ ಬೇಕಾದ ಸಾಲ ಕಳೆ ತೆಗೆಯುವ ಹೊತ್ತಿಗೆ ಮಂಜೂರಾದರೆ ಜಮೀನು ಹರಾಜಿಗೆ ಬರುವುದು ತಡವಾಗುವುದಿಲ್ಲ. 1920ರಲ್ಲಿ ದೇಶದಲ್ಲಿ 9 ಲಕ್ಷ 25 ಸಾವಿರ ಕಪ್ಪು ರೈತರಿದ್ದರು. 1997ರ ಕೃಷಿ ಗಣತಿಯ ವೇಳೆಗೆ ಸುಮಾರು 18 ಸಾವಿರ. ವಲಸೆ, ಯಂತ್ರ, ವಾರಸುದಾರರ ನಡುವೆ ಛಿದ್ರವಾದ ಆಸ್ತಿ, ಕಾರಣಗಳು ಹಲವಿದ್ದವು. ಕಚೇರಿಯ ತಾರತಮ್ಯವೂ ಅವುಗಳಲ್ಲೊಂದು. ಅದಕ್ಕೆ ಪರಿಹಾರ ಸಿಗಲು ನ್ಯಾಯಾಲಯವೇ ಬೇಕಾಯಿತು. ಉತ್ತರ ಕ್ಯಾರೊಲಿನಾದ ರೈತ ಟಿಮತಿ ಪಿಗ್‌ಫರ್ಡ್ 1997ರಲ್ಲಿ ಹೂಡಿದ ಮೊಕದ್ದಮೆ 1999ರಲ್ಲಿ ರಾಜಿಯಾಗಿ 100 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಸಂದಾಯವಾಯಿತು. 2010ರಲ್ಲಿ ಇನ್ನೂ 125 ಕೋಟಿ. 2024ರ ಜುಲೈನಲ್ಲಿ ಸಾಲ ಯೋಜನೆಗಳಲ್ಲಿ ತಾರತಮ್ಯಕ್ಕೊಳಗಾದ 43,000 ಮಂದಿಗೆ ಸುಮಾರು 200 ಕೋಟಿ ಡಾಲರ್ ಹಂಚಲಾಯಿತು. ಹೋದ ಜಮೀನು ಮಾತ್ರ ಹಿಂದಿರುಗಲಿಲ್ಲ.

ಹುಲ್ಲಿಗೆ ಗೇಣಿ ಕೊಡುವ ಇಂದಿನ ಯೋಜನೆ, ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ, ಹುಟ್ಟಿದ್ದು ಮತ್ತೊಂದು ಸಂಕಟದಲ್ಲಿ. 1970ರ ದಶಕದಲ್ಲಿ ರಫ್ತು ಏರಿದಾಗ ಬೇಲಿಯಿಂದ ಬೇಲಿಯವರೆಗೂ ಬಿತ್ತಿ ಎಂದು ಕೃಷಿ ಕಾರ್ಯದರ್ಶಿ ಅರ್ಲ್ ಬಟ್ಜ್ ಹುರಿದುಂಬಿಸಿದ್ದರು. ರೈತರು ಸಾಲ ಮಾಡಿ ಜಮೀನು ಕೊಂಡರು, ಬದು ಕಿತ್ತು ಬಿತ್ತಿದರು. ಮುಂದಿನ ದಶಕದಲ್ಲಿ ಬೆಲೆ ಕುಸಿಯಿತು, ಬಡ್ಡಿ ಏರಿತು, ಸಾಲಗಾರರ ಟ್ರ್ಯಾಕ್ಟರುಗಳು ಅಂಗಳದಲ್ಲೇ ಹರಾಜಾದವು. 1985ರ ಡಿಸೆಂಬರಿನಲ್ಲಿ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯ್ದೆ ಎರಡು ಕೆಲಸ ಮಾಡಿತು. ಬೇಗ ಸವೆಯುವ ನೆಲವನ್ನು ಯೋಜನೆಯಿಲ್ಲದೆ ಉತ್ತರೆ, ಜೌಗು ಬಸಿದು ಹೊಲ ಮಾಡಿದರೆ ಸರ್ಕಾರದ ನೆರವು ಬಂದ್ ಎಂದಿತು. ಅಂಥ ನೆಲವನ್ನು ಹುಲ್ಲಿಗೆ ಬಿಟ್ಟರೆ ಗೇಣಿ ಕೊಡುತ್ತೇವೆ ಎಂದಿತು. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಬೆಲ್ಲ. 1982ರಿಂದ 2007ರ ನಡುವೆ ಬೆಳೆ ಜಮೀನಿನ ಸವಕಳಿ ಶೇ 43ರಷ್ಟು ಇಳಿಯಿತೆಂದು ಸರ್ಕಾರದ ಸಮೀಕ್ಷೆ ಹೇಳುತ್ತದೆ. ಸಣ್ಣ ಸಾಧನೆಯೇನಲ್ಲ.

ಆ ಕಾಯ್ದೆಯಲ್ಲೊಂದು ಕುತೂಹಲದ ಕಲಮು ಇದೆ. ಯಾವ ಕೌಂಟಿಯಲ್ಲೂ ಒಟ್ಟು ಬೆಳೆ ಜಮೀನಿನ ಶೇ 25ಕ್ಕಿಂತ ಹೆಚ್ಚನ್ನು ಹೀಗೆ ಬಿಡಿಸುವಂತಿಲ್ಲ, ವಿನಾಯಿತಿ ಅಪರೂಪ. ಯಾಕೆ? ಹೊಲ ಮಲಗಿದರೆ ಬೀಜದಂಗಡಿ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ರಿಪೇರಿಯವರು, ಧಾನ್ಯದ ಉಗ್ರಾಣ ಎಲ್ಲವೂ ಮಲಗುತ್ತವೆ. ಗೇಣಿ ಹಣ ಬರುವುದು ಜಮೀನಿನವರಿಗೆ. ಅಂಗಡಿಯವರಿಗೆ, ಕೂಲಿಯವರಿಗೆ ಏನೂ ಇಲ್ಲ. ದಕ್ಷಿಣ ಡಕೋಟಾದಂಥ ಕಡೆ ಈ ಹುಲ್ಲಿನಲ್ಲಿ ಫೆಸೆಂಟ್ ಹಕ್ಕಿ ಹೆಚ್ಚಿ, ಬೇಟೆಗೆ ಬರುವವರಿಂದ ಸಣ್ಣ ಊರಿನ ವಸತಿಗೃಹಗಳು ತುಂಬುತ್ತವೆ. ಅದು ಶರತ್ಕಾಲದ ಮಾತು. ವರ್ಷದ ಉಳಿದ ತಿಂಗಳು ಪೇಟೆಯ ಬೀದಿ ಹೊಲದ ಮೇಲೇ ನಿಂತಿರುತ್ತದೆ.

ಗೇಣಿಯ ಒಪ್ಪಂದಕ್ಕೆ ಅವಧಿ ಇದೆ. ಅವಧಿ ಮುಗಿದ ದಿನ ರೈತರು ನೋಡುವುದು ಷಿಕಾಗೊ ಮಾರುಕಟ್ಟೆಯ ದರವನ್ನು. 2007ರಲ್ಲಿ ಈ ಯೋಜನೆಯಡಿ 3 ಕೋಟಿ 68 ಲಕ್ಷ ಎಕರೆ ಹುಲ್ಲಿತ್ತು. ಅದೇ ಹೊತ್ತಿಗೆ ಪೆಟ್ರೋಲಿಗೆ ಎಥೆನಾಲ್ ಬೆರೆಸುವುದನ್ನು ಕಾನೂನು ಕಡ್ಡಾಯ ಮಾಡಿ ಅದರ ಪ್ರಮಾಣವನ್ನೂ ಏರಿಸಿತು. ಬುಷೆಲ್ಲಿಗೆ 2 ಡಾಲರ್ ಆಸುಪಾಸಿನಲ್ಲಿದ್ದ ಮೆಕ್ಕೆಜೋಳ 2012ರ ಬರಗಾಲದ ಹೊತ್ತಿಗೆ 7ರ ಹತ್ತಿರ ಬಂತು. ಸರ್ಕಾರದ ಗೇಣಿ ಆ ಲೆಕ್ಕದ ಮುಂದೆ ಚಿಲ್ಲರೆ ಕಾಸು. ಹತ್ತು ವರ್ಷ ತುಂಬುವುದರೊಳಗೆ ಹುಲ್ಲಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಯೋಜನೆಯಿಂದ ಹೊರಬಿತ್ತು, ಅದರಲ್ಲಿ ಬಹಳಷ್ಟು ಮತ್ತೆ ನೇಗಿಲಿಗೆ ಸಿಕ್ಕಿತು. 2014ರ ಕಾಯ್ದೆ ಯೋಜನೆಯ ಮಿತಿಯನ್ನೇ 2 ಕೋಟಿ 40 ಲಕ್ಷ ಎಕರೆಗೆ ಇಳಿಸಿತು. ಹುಲ್ಲು ಬೆಳೆಸಲು ತೆರಿಗೆದಾರರ ಹಣ, ಅದನ್ನು ಉಳುವಂತೆ ಮಾಡಿದ್ದೂ ಸರ್ಕಾರದ್ದೇ ಇಂಧನ ನೀತಿ.

ಬೆಳೆ ವಿಮೆಯದೂ ಇದೇ ಕಥೆ. ಕಂತಿನ ಸರಾಸರಿ ಶೇ 60ಕ್ಕೂ ಹೆಚ್ಚನ್ನು ಸರ್ಕಾರ ಕಟ್ಟುತ್ತದೆ. ಅದರ ಜೊತೆಗೆ 2014ರಿಂದ ಕೌಂಟಿ ಆದಾಯ ಖಾತರಿ ಎಂಬ ಇನ್ನೊಂದು ಆಸರೆ: ಕೌಂಟಿಯ ಸರಾಸರಿ ಆದಾಯ ಗೊತ್ತಾದ ಮಟ್ಟಕ್ಕಿಂತ ಕುಸಿದರೆ ಯೋಜನೆಗೆ ಸೇರಿದವರಿಗೆಲ್ಲ ಹಣ, ಕುಸಿಯದಿದ್ದರೆ ಸ್ವಂತ ಹೊಲ ಒಣಗಿದ್ದರೂ ಇಲ್ಲ. ನಮ್ಮ ಫಸಲ್ ಬಿಮಾದಲ್ಲಿ ಗ್ರಾಮ ಪಂಚಾಯಿತಿಯನ್ನು ಘಟಕ ಮಾಡಿದಾಗ ಎದ್ದ ಗೊಣಗಾಟವೇ ಅಲ್ಲೂ ಇದೆ. ಸವಕಲು ನೆಲದ ಮೇಲೂ ನಷ್ಟದ ಭಯ ಕಡಿಮೆಯಾದರೆ ಬಿತ್ತುವ ಧೈರ್ಯ ಹೆಚ್ಚುತ್ತದೆ. ರೈತರನ್ನು ದೂರಿ ಫಲವಿಲ್ಲ, ಅವರು ಓದುತ್ತಿರುವುದು ಕಾಯ್ದೆಯನ್ನೇ.

ಸವಕಳಿಗೆ ಗದ್ದಲವಿದೆ, ಧೂಳಿದೆ. ನೀರಿನಲ್ಲಿ ಕರಗುವ ನೈಟ್ರೇಟಿಗೆ ಅದೇನೂ ಇಲ್ಲ. ಅಯೋವಾದ ಹೊಲಗಳಡಿ ಬಸಿಗೊಳವೆಗಳ ಜಾಲವಿದೆ. ಹೆಚ್ಚಾದ ನೀರಿನ ಜೊತೆ ಗೊಬ್ಬರದ ಸಾರವೂ ಅವುಗಳ ಮೂಲಕ ಹೊಳೆ ಸೇರುತ್ತದೆ. ಆ ಹೊಳೆಯ ನೀರು ಶುದ್ಧಮಾಡಿ ಕುಡಿಯಬೇಕಾದ ದೆ ಮೊಯ್ನ್ ನಗರದ ನೀರು ಸರಬರಾಜು ಸಂಸ್ಥೆ 2015ರಲ್ಲಿ ಮೇಲ್ಭಾಗದ ಮೂರು ಕೌಂಟಿಗಳ ಬಸಿಕಾಲುವೆ ಜಿಲ್ಲೆಗಳ ಮೇಲೆ ಮೊಕದ್ದಮೆ ಹೂಡಿತು. ಎರಡು ವರ್ಷದ ನಂತರ ಅದು ವಜಾ ಆಯಿತು. ಹೊಲದಿಂದ ಬಸಿಯುವ ನೀರಿಗೆ ಜಲಶುದ್ಧಿ ಕಾಯ್ದೆಯಲ್ಲಿ ವಿನಾಯಿತಿ ಇರುವುದರಿಂದ ಉಳಿದಿರುವುದು ಮತ್ತದೇ ಸ್ವಯಿಚ್ಛೆ ಮತ್ತು ಸಹಾಯಧನ. 2025ರ ಜೂನಿನಲ್ಲಿ ನೈಟ್ರೇಟ್ ಏರಿ ನಗರದವರು ಹುಲ್ಲುಹಾಸಿಗೆ ನೀರು ಬಿಡದಂತೆ ನಿಷೇಧ ಹೇರಲಾಯಿತು.

ಪರಿಹಾರ ಗೊತ್ತಿಲ್ಲವೆಂದಲ್ಲ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಿಂದ ನಡೆಸಿದ ಪ್ರಯೋಗದಲ್ಲಿ, ಹೊಲದ ಶೇ 10ರಷ್ಟನ್ನು ಮಾತ್ರ ಸ್ಥಳೀಯ ಹುಲ್ಲು ಹೂಗಿಡಗಳ ಪಟ್ಟಿಯಾಗಿ ಬಿಟ್ಟರೆ ಹರಿದುಹೋಗುವ ಮಣ್ಣು ಶೇ 95ರಷ್ಟು ತಗ್ಗಿತು. 2018ರ ಕಾಯ್ದೆ ಆ ಪಟ್ಟಿಗೂ ಗೇಣಿ ಸಿಗುವಂತೆ ಮಾಡಿತು. ಬದು ನಿರ್ಮಾಣ, ಹೊದಿಕೆ ಬೆಳೆ, ಗೊಬ್ಬರದ ಗುಂಡಿಗೆ ನೆರವು ಕೊಡುವ ಯೋಜನೆಗಳೂ ಇವೆ. ಕೊರತೆ ಇರುವುದು ಹಣದ್ದು: 2010ರಿಂದ 2020ರ ನಡುವೆ ಅವುಗಳಲ್ಲಿ ಮುಖ್ಯವಾದೊಂದು ಯೋಜನೆಗೆ ಅರ್ಜಿ ಹಾಕಿದವರಲ್ಲಿ ಮಂಜೂರಾದದ್ದು ಶೇ 31 ಜನರಿಗೆ ಮಾತ್ರ. 2022ರಲ್ಲಿ ಇಂಥ ಯೋಜನೆಗಳಿಗೆ 1,950 ಕೋಟಿ ಡಾಲರ್ ಹೆಚ್ಚುವರಿ ಬಂತು. 2025ರ ಜುಲೈನಲ್ಲಿ ಖರ್ಚಾಗದೆ ಉಳಿದದ್ದನ್ನು ಎಂದಿನ ಬಜೆಟ್ಟಿಗೆ ಸೇರಿಸಿ, ಹವಾಮಾನಕ್ಕೇ ಬಳಸಬೇಕೆಂಬ ಷರತ್ತನ್ನು ತೆಗೆಯಲಾಯಿತು.

2023ರ ಮೇ 1ರಂದು ಇಲಿನಾಯ್‌ನ ಹೆದ್ದಾರಿಯೊಂದರ ಮೇಲೆ ಆಗಷ್ಟೇ ಉತ್ತ ಹೊಲಗಳಿಂದ ಎದ್ದ ಧೂಳಿಗೆ ಕಣ್ಣು ಕಾಣದೆ 70ಕ್ಕೂ ಹೆಚ್ಚು ವಾಹನಗಳು ಡಿಕ್ಕಿ ಹೊಡೆದು ಏಳೆಂಟು ಜನ ಸತ್ತರು. ಚಳಿಗಾಲದಲ್ಲಿ ಹೊಲ ಬೋಳಾಗಿರದಂತೆ ಹಾಕುವ ಹೊದಿಕೆ ಬೆಳೆ ಇಂಥ ಧೂಳನ್ನು ಹಿಡಿದಿಡುತ್ತದೆ. 2022ರ ಗಣತಿಯ ಪ್ರಕಾರ ಅದು ಇರುವುದು ಸುಮಾರು 1 ಕೋಟಿ 80 ಲಕ್ಷ ಎಕರೆಯಲ್ಲಿ, ಒಟ್ಟು ಬೆಳೆ ಜಮೀನಿನ ಶೇ 5ಕ್ಕೂ ಕಡಿಮೆ.

ಈ ಕೊರತೆಗೆ ಹಣದಷ್ಟೇ ದೊಡ್ಡ ಕಾರಣ ಗೇಣಿ ಬೇಸಾಯ. 2014ರ ಸಮೀಕ್ಷೆಯ ಪ್ರಕಾರ ಬೆಳೆ ಜಮೀನಿನ ಅರ್ಧಕ್ಕೂ ಹೆಚ್ಚು ಗೇಣಿಯದು. ಗೇಣಿಗೆ ಕೊಟ್ಟವರಲ್ಲಿ ಹೆಚ್ಚಿನವರು ಸ್ವತಃ ಬೇಸಾಯ ಮಾಡುವವರಲ್ಲ. ಅಯೋವಾದಲ್ಲಿ ಜಮೀನಿನ ಮೂರನೇ ಎರಡು ಭಾಗ 65 ದಾಟಿದವರ ಹೆಸರಲ್ಲಿದೆ. ಗೇಣಿ ಹಲವೆಡೆ ವರ್ಷದಿಂದ ವರ್ಷಕ್ಕೆ ಮುಂದುವರಿಯುವಂಥದ್ದು. ಸಂರಕ್ಷಣೆಯ ಒಪ್ಪಂದಕ್ಕೆ ಹಲವು ವರ್ಷದ ಅವಧಿ. ಕೌಂಟಿ ಕಚೇರಿಯಲ್ಲಿ ಅರ್ಜಿಯ ಜೊತೆ, ಅವಧಿ ಮುಗಿಯುವವರೆಗೂ ಜಮೀನು ತಮ್ಮ ಕೈಯಲ್ಲೇ ಇರುತ್ತದೆಂಬುದಕ್ಕೆ ಆಧಾರ ಕೇಳುತ್ತಾರೆ. ಗೇಣಿದಾರರ ಬಳಿ ಅಂಥ ಕಾಗದ ಇರುವುದಿಲ್ಲ. ಹೊದಿಕೆ ಬೆಳೆಯ ಬೀಜಕ್ಕೆ ಸಹಾಯಧನ ಬೇಕಾದರೆ ಅವರು ಮೊದಲು ದೂರದ ನಗರದಲ್ಲಿರುವ ಜಮೀನಿನ ಒಡತಿಗೋ ಅವರ ಮಕ್ಕಳಿಗೋ ಫೋನ್ ಮಾಡಿ ಸಹಿಗೆ ಒಪ್ಪಿಸಬೇಕು.